ಕೊಲೆಗಾರ ಯಾರು, ತಾತ?

ಬೇಸಿಗೆ ರಜೆಯ ಒಂದು ಸಂಜೆ ಮೊಮ್ಮಗ ಸಪ್ಪೆ ಮುಖ ಮಾಡಿಕೊಂಡು ನನ್ನ ಪಕ್ಕ ಬಂದು ಕುಳಿತ. ‘ತಾತ, ನನ್ನ ಕೊಲೆ ಕೆಟ್ಟುಹೋಯ್ತು’ ಅಂದ. ಒಳಗೆ ಹುಣಸೆಹಣ್ಣು ಬಿಡಿಸುತ್ತಿದ್ದ ನನ್ನಾಕೆ ಗಾಬರಿಯಿಂದ ಎದ್ದು ಬಂದಳು.

ವಿಷಯ ಇಷ್ಟೇ. ಅವನಿಗೂ ಅವನ ನಾಲ್ವರು ಸ್ನೇಹಿತರಿಗೂ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಹುಚ್ಚು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟವಿದು. ಮೇಜಿನ ಸುತ್ತ ಕುಳಿತು, ಎಲ್ಲರೂ ಸೇರಿ ಮಾತಿನಲ್ಲೇ ಕಥೆ ಕಟ್ಟುತ್ತಾ ಹೋಗುವುದು. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬಳು ಪುರೋಹಿತೆ. ಉಳಿದ ಊರು, ಕಾಡು, ರಾಕ್ಷಸರು, ದಾರಿಹೋಕರು ಎಲ್ಲವೂ ‘ಡಂಜನ್ ಮಾಸ್ಟರ್’ ಎಂಬ ಸೂತ್ರಧಾರನ ಪಾಲು. ಹೊರಟ ಕೆಲಸ ಕೈಗೂಡಿತೇ ಇಲ್ಲವೇ ಎಂದು ಹೇಳಲು 20 ಮುಖದ ದಾಳ. ನಮ್ಮ ಚೌಕಾಬಾರದ ಕವಡೆಯ ದೂರದ ನೆಂಟ ಅನ್ನಿ!

ಆ ವಾರ ಮೊಮ್ಮಗನೇ ಸೂತ್ರಧಾರ. ಅವನ ಕಥೆಯಲ್ಲಿ ಧಾನ್ಯದ ವ್ಯಾಪಾರಿಯೊಬ್ಬನ ಕೊಲೆಯಾಗಿತ್ತು. ಲೆಕ್ಕದ ಪುಸ್ತಕದಿಂದ ಹರಿದ ಹಾಳೆಯೊಂದು ಒಲೆಯ ಬೂದಿಯಲ್ಲಿತ್ತು. ಅದು ಸಿಗಬೇಕಾದರೆ ದಾಳದಲ್ಲಿ 15 ಬೀಳಬೇಕು. ಯಾರಿಗೂ ಬೀಳಲಿಲ್ಲ. ಮಕ್ಕಳು ಒಂದು ಗಂಟೆ ಸುಮ್ಮನೆ ಆ ಊರು ಸುತ್ತಿ, ಬೇಜಾರಾಗಿ ಎದ್ದುಹೋದರು.

‘ನೋಡಪ್ಪ, ನಾನು ಬ್ಯಾಂಕಿಗೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ’ ಎಂದೆ. ‘ಒಂದು ಚೆಕ್ಕಿಗೆ ಹಣ ಕೊಟ್ಟರೆ ಲೆಡ್ಜರು, ಕ್ಯಾಷಿಯರನ ಪುಸ್ತಕ, ಡೇ ಬುಕ್ಕು, ಹೀಗೆ ಮೂರು ಕಡೆ ಗುರುತು ಉಳಿಯುತ್ತಿತ್ತು. ಒಂದರಲ್ಲಿ ತಪ್ಪಿದ್ದು ಇನ್ನೊಂದರಲ್ಲಿ ಸಿಗುತ್ತಿತ್ತು. ನಿನ್ನ ಕೊಲೆಗೂ ಮೂರು ಗುರುತು ಇಡು. ಮುಖ್ಯವಾದದ್ದನ್ನು ದಾಳಕ್ಕೆ ಬಿಡಬೇಡ. ಹುಡುಕಿದವರಿಗೆ ಸಿಗಲಿ. ಅದರ ಅರ್ಥ ಹುಡುಕುವುದು ಅವರ ಕೆಲಸ.’

ಕೊಲೆಗಾರ ಅಂಗಡಿಯ ಲೆಕ್ಕಿಗ. ಹಾಳೆಯ ಜೊತೆಗೆ ಅವನ ಬೆರಳಿನಲ್ಲಿ ಸುಟ್ಟ ಗಾಯ ಬಂತು, ಉಗ್ರಾಣದಲ್ಲಿ ಮೂಟೆಗಳು ಕಡಿಮೆ ಬಿದ್ದವು. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಕ್ಷಿಗೂ ಮೂರು ಕಾಲಂ ಬರೆದೆವು: ಅವನಿಗೆ ಏನು ಗೊತ್ತು, ಏನನ್ನು ಮುಚ್ಚಿಡುತ್ತಾನೆ, ಯಾಕೆ ಮುಚ್ಚಿಡುತ್ತಾನೆ.

ಮೊಮ್ಮಗನಿಗೆ ಇನ್ನೊಂದು ಚಿಂತೆ. ಆ ಆಟದಲ್ಲಿ ಶವವನ್ನು ಮಾತಾಡಿಸುವ ಮಂತ್ರವಿದೆ. ಪುರೋಹಿತೆಗೆ ಅದು ಗೊತ್ತು. ಸತ್ತವನೇ ಹೆಸರು ಹೇಳಿಬಿಟ್ಟರೆ? ನಿಯಮ ಕೇಳಿದೆ. ಐದೇ ಪ್ರಶ್ನೆ ಕೇಳಬಹುದಂತೆ. ಬದುಕಿದ್ದಾಗ ಗೊತ್ತಿದ್ದದ್ದನ್ನಷ್ಟೇ ಶವ ಹೇಳೀತಂತೆ. ‘ಸರಿ, ಹಿಂದಿನಿಂದ ಹೊಡೆದದ್ದು ಅಂತ ಇಟ್ಟುಕೋ. ಯಾರು ಕೊಂದರು ಅಂತ ಕೇಳಿದರೆ ಗೊತ್ತಿಲ್ಲ ಅನ್ನಲಿ. ಅವತ್ತು ರಾತ್ರಿ ಯಾರನ್ನು ಕರೆಸಿದ್ದೆ ಅಂತ ಕೇಳಿದರೆ ಹೇಳಲಿ’ ಎಂದೆ.

ಮುಂದಿನ ಭಾನುವಾರ ಆಟ ಮುಂದುವರಿಯಿತು. ವ್ಯಾಪಾರಿಯ ಕುದುರೆ ಲಾಯದ ಆಳಿನ ಪಾತ್ರ ನನ್ನ ಪಾಲಿಗೆ ಬಂತು. ಕೊಲೆಯಾದ ರಾತ್ರಿ ಅವನು ಮನೆಯಿಂದ ಓಡಿಹೋದದ್ದನ್ನು ನೆರೆಯವರು ನೋಡಿದ್ದರು. ಅಷ್ಟು ಗೊತ್ತಾದದ್ದೇ ತಡ, ಮಕ್ಕಳು ನನ್ನ ಮೇಲೆ ಮುಗಿಬಿದ್ದರು. ‘ನೀನೇ ಕೊಂದಿದ್ದು! ಒಪ್ಪಿಕೋ!’ ಯೋಧ ಕತ್ತಿ ಎತ್ತಿದ. ಕಳ್ಳ ನನ್ನ ಗುಡಿಸಲನ್ನು ಶೋಧಿಸಲು ಹೊರಟ.

ಏನು ಹೇಳಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದಿತ್ತು. ಆದರೆ ನನಗೆ ಬಾಯಿ ಬರಲಿಲ್ಲ. ನಲವತ್ತು ವರ್ಷಕ್ಕೂ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂದಿತ್ತು.

ನಮ್ಮ ಶಾಖೆಯಲ್ಲಿ ಒಂದು ದಿನ 500 ರೂಪಾಯಿ ಕಡಿಮೆ ಬಂತು. ಅಂದು ಅಟೆಂಡರ್ ಯಾರಿಗೂ ಹೇಳದೆ ಬೇಗ ಮನೆಗೆ ಹೋಗಿದ್ದ. ಮರುದಿನ ಎಲ್ಲರ ಕಣ್ಣೂ ಅವನ ಮೇಲೆ. ಒಂದು ಗಂಟೆ ಕ್ಯಾಬಿನ್‌ನಲ್ಲಿ ನಿಲ್ಲಿಸಿ ವಿಚಾರಿಸಿದರು. ನಾನು ಲೆಡ್ಜರಿನಿಂದ ತಲೆ ಎತ್ತಲಿಲ್ಲ. ಎರಡು ದಿನ ಕಳೆದು ಗ್ರಾಹಕರೊಬ್ಬರು ಬಂದು, ತಮಗೆ ಹೆಚ್ಚಿಗೆ ಬಂದಿದೆಯೆಂದು ಐನೂರನ್ನು ಹಿಂದಿರುಗಿಸಿದರು. ಲೆಕ್ಕ ಸರಿಹೋಯಿತು. ಅಟೆಂಡರ್ ಮೊದಲಿನಂತೆ ಚಹಾ ತಂದಿಟ್ಟ. ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

‘ತಾತ, ನಿಮ್ಮ ಸರದಿ’ ಎಂದು ಮೊಮ್ಮಗ ಮೊಣಕೈ ತಿವಿದ.

ಅಷ್ಟು ಹೊತ್ತೂ ಸುಮ್ಮನಿದ್ದ ಪುರೋಹಿತೆಯ ಪಾತ್ರದ ಹುಡುಗಿ ಮೆಲ್ಲಗೆ ಕೇಳಿದಳು: ‘ಅವತ್ತು ನೀವು ಯಾಕೆ ಓಡಿದ್ರಿ?’

ನೋಟ್‌ಬುಕ್ಕಿನ ಮೂರನೆಯ ಕಾಲಂನಲ್ಲಿದ್ದುದನ್ನು ಹೇಳಿದೆ. ‘ಮಗುವಿಗೆ ಜ್ವರ ಅಮ್ಮಾ. ಕುದುರೆ ಬಿಟ್ಟು ಹೋದೆ ಅಂತ ಗೊತ್ತಾದರೆ ಕೆಲಸ ಹೋಗುತ್ತಿತ್ತು. ಹೋಗುವಾಗ ಲೆಕ್ಕದ ಕೋಣೆಯಲ್ಲಿ ದೀಪ ಉರೀತಿತ್ತು.’

ಯೋಧ ಕತ್ತಿ ಇಳಿಸಿದ. ಮುಂದಿನ ಅರ್ಧ ಗಂಟೆಯಲ್ಲಿ ಬೂದಿಯ ಹಾಳೆ, ಸುಟ್ಟ ಬೆರಳು, ಕಡಿಮೆಯಾದ ಮೂಟೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಲೆಕ್ಕಿಗ ಸಿಕ್ಕಿಬಿದ್ದ. ಮಕ್ಕಳು ಕುಣಿದಾಡಿದರು. ಶವದ ಮಂತ್ರ ಬೇಕೇ ಆಗಲಿಲ್ಲ.

ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಆ ‘ನೀವು’. ಮೂವರು ಲಾಯದ ಆಳನ್ನು ‘ನೀನು’ ಎಂದಿದ್ದರು. ಅವಳೊಬ್ಬಳೇ ‘ನೀವು’ ಎಂದವಳು. ಆ ಅಟೆಂಡರ್ ನನಗಿಂತ ಹತ್ತು ವರ್ಷ ದೊಡ್ಡವರು. ಅವರನ್ನು ನಾನು ಕರೆದದ್ದು ಕೊನೆಯವರೆಗೂ ‘ನೀನು’ ಎಂದೇ. ಇಲ್ಲಿ ಬರೆಯುವಾಗಲೂ ನೋಡಿ, ಅದೇ ಬಂತು.

ಮಂತ್ರ ಬಲ್ಲ ಪುರೋಹಿತೆಗೂ ಸತ್ತವರನ್ನು ಕೇಳಲು ಐದೇ ಪ್ರಶ್ನೆ. ಬದುಕಿರುವವರನ್ನು ಎಷ್ಟು ಬೇಕಾದರೂ ಕೇಳಬಹುದಿತ್ತು. ಅವರು ಅಂದು ಬೇಗ ಮನೆಗೆ ಹೋದದ್ದು ಯಾಕೆಂದು ನನಗೆ ಇಂದಿಗೂ ಗೊತ್ತಿಲ್ಲ.