ಹುತ್ತದ ಮಣ್ಣಿನ ಗುಂಡು

ನಮ್ಮೂರ ದೇವರೇ ಬೇಟೆಗಾರ. ಡೆಂಕಣಿಕೋಟೆಯ ಬೇಟರಾಯಸ್ವಾಮಿಗೆ ಹೆಸರಿನಲ್ಲೇ ಬೇಟೆ ಅಂಟಿಕೊಂಡಿದೆ. ಅಂಥ ಊರಲ್ಲಿ ಹುಟ್ಟಿದ ನಾನು ಇದುವರೆಗೆ ಹೊಡೆದು ಉರುಳಿಸಿರುವುದು ಖಾಲಿ ತಗಡಿನ ಡಬ್ಬಗಳನ್ನು ಮಾತ್ರ. ಅದೂ ಕ್ಯಾಟರ್‌ಬಿಲ್ಲಿನಲ್ಲಿ. ಮನೆಯಲ್ಲಿ ಹಾಗನ್ನುತ್ತೇವೆ, ಬಜಾರಿನಲ್ಲಿ ತಮಿಳರ ಬಾಯಲ್ಲಿ ಅದು ಉಂಡಿವಿಲ್. ಆ ಹೆಸರೇ ನ್ಯಾಯವಾದದ್ದು. ಬಿಲ್ಲಿನ ಜೊತೆ ಉಂಡೆಯನ್ನೂ ನೆನೆಯುತ್ತದಲ್ಲ!

ನನ್ನ ಹುಚ್ಚಿರುವುದೂ ಉಂಡೆಯ ಮೇಲೆಯೇ. ಹೊರದೇಶಗಳಲ್ಲಿ ರೈಫಲ್ ಹಿಡಿದು ಗುರಿ ಕಲಿಯುವವರು ಖರ್ಚು ಉಳಿಸಲು ಸಿಡಿದ ತೋಟಾದ ಹಿತ್ತಾಳೆ ಕೋಶವನ್ನು ಆಯ್ದು ತಂದು, ಮನೆಯಲ್ಲೇ ಮತ್ತೆ ತುಂಬುತ್ತಾರೆ. ರಾತ್ರಿಯೆಲ್ಲ ಕೂತು ತೂಗುವ ಆ ಸುಖ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಾಗಿಲಿಗೆ ಬರುತ್ತದೆ. ಮಣ್ಣಿಗೆ ಆ ರಗಳೆಯಿಲ್ಲ.

ಮಣ್ಣೆಂದರೆ ಹುತ್ತದ ಮಣ್ಣು. ಗೆದ್ದಲು ಅರೆದು ಅರೆದು ಹಾಕಿದ್ದರಿಂದ ಅದರಲ್ಲಿ ಕಲ್ಲಿನ ಹರಳು ಕಡಿಮೆ, ಅಂಟು ಜಾಸ್ತಿ. "ಅರಿಶಿನ ಕುಂಕುಮ ಬಿದ್ದಿರೋ ಹುತ್ತ ಮುಟ್ಟಬೇಡ ಕಣೋ" ಎಂದು ಅವ್ವ ಈಗಲೂ ಕೂಗಿ ಹೇಳುತ್ತಾಳೆ. ಹೊಲದ ಬದುವಿನಲ್ಲಿ ಮಳೆಗೆ ಕುಸಿದ ಹುತ್ತದಿಂದ ಒಂದು ಪುಟ್ಟಿ ತಂದು, ಕುಟ್ಟಿ, ರಾಗಿಹಿಟ್ಟಿನ ಜರಡಿಯಲ್ಲಿ (ಹಳೆಯದು, ಹೆಂಡತಿಗೆ ಗೊತ್ತಿದೆ) ಸೋಸುತ್ತೇನೆ. ನೀರನ್ನು ಸುರಿಯಬಾರದು, ಚಿಮುಕಿಸಬೇಕು. ಮುದ್ದೆಯ ಹದಕ್ಕಿಂತ ತುಸು ಗಟ್ಟಿ ಇರಬೇಕು. ಒಂದು ರಾತ್ರಿ ಒದ್ದೆ ಗೋಣಿ ಮುಚ್ಚಿಟ್ಟರೆ ಬೆಳಿಗ್ಗೆ ಮಣ್ಣು ಮಾತು ಕೇಳುತ್ತದೆ.

ಹಸಿಯಲ್ಲಿ ಒಂದೊಂದು ಉಂಡೆಯೂ 6 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಹತ್ತತ್ತು ಉಂಡೆ ಒಟ್ಟಿಗಿಟ್ಟು 60 ಬರುತ್ತದೆಯೇ ಎಂದು ನೋಡುತ್ತೇನೆ. ಬರದಿದ್ದರೆ ಮತ್ತೆ ಚಿವುಟು, ಮತ್ತೆ ಹಚ್ಚು, ಮತ್ತೆ ಉರುಳಿಸು. ಯಾಕಿಷ್ಟು ಹಟವೆಂದರೆ, ಎಳೆತ ಒಂದೇ ಆದರೂ ಭಾರದ ಉಂಡೆ ನಿಧಾನವಾಗಿ ಹೊರಟು ಡಬ್ಬದ ಕೆಳಗೇ ಬೀಳುತ್ತದೆ; ಸೊಟ್ಟನೆಯದು ಗಾಳಿಯಲ್ಲಿ ಓಲಾಡುತ್ತದೆ. ಬೆಣಚುಕಲ್ಲು ಆಯ್ದು ಹೊಡೆಯುವವನು ತನ್ನ ಕೈ ತಪ್ಪಿತೋ ಕಲ್ಲು ತಪ್ಪಿತೋ ಎಂದು ಸಾಯುವವರೆಗೂ ತಿಳಿಯಲಾರ.

ಒಣಗಿಸುವುದು ನೆರಳಿನಲ್ಲೇ. ಮೊದಲ ಸಲ ಏಪ್ರಿಲ್ ಬಿಸಿಲಿಗೆ ಹರಡಿದ್ದೆ. ಸಂಜೆಗೆ ಎಲ್ಲವೂ ಅಜ್ಜನ ಹಿಮ್ಮಡಿಯಂತೆ ಒಡೆದಿದ್ದವು. ಎರಡನೇ ಸಲ ಅವಸರಕ್ಕೆ ಬಿದ್ದು, ಅರೆಹಸಿ ಉಂಡೆಗಳನ್ನು ಹಂಡೆ ಒಲೆಯ ಕೆಂಡಕ್ಕೆ ತಳ್ಳಿದೆ. ಒಳಗಿನ ನೀರು ಆವಿಯಾಗಿ ಪಟಪಟನೆ ಸಿಡಿದು, ಅವ್ವನ ಸ್ನಾನದ ನೀರಿನ ತುಂಬ ಬೂದಿ. ಈಗ ಮೊರದ ಮೇಲೆ ಮೂರು ದಿನ, ದಿನಕ್ಕೆರಡು ಸಲ ಹೊರಳಿಸುವುದು, ಅಷ್ಟೇ. ಸುಡುವುದನ್ನೇ ಬಿಟ್ಟೆ. ಸುಟ್ಟ ಉಂಡೆ, ಗಾಜಿನ ಗೋಲಿ, ಬೇರಿಂಗ್ ಗುಂಡು, ಮೂರೂ ತಗಡಿಗೆ ಬಡಿದು ವಾಪಸು ಬರುತ್ತವೆ. ಸುಡದೆ ಒಣಗಿಸಿದ್ದಾದರೆ ತಾಗಿದಲ್ಲೇ ಪುಡಿಯಾಗಿ, ತಾಗಿದ ಜಾಗದಲ್ಲಿ ಕೆಂಪು ಬೊಟ್ಟಿಡುತ್ತದೆ.

ತಾತನ ಕಾಲಕ್ಕೆ ಇದು ಆಟವಾಗಿರಲಿಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಅಟ್ಟಣೆ ಹತ್ತಿ ಕೂತು, ಹಗಲು ಹಕ್ಕಿಗೆ ಕವಣೆ, ರಾತ್ರಿ ಆನೆಗೆ ತಮಟೆ. ಚಳಿಗಾಲದಲ್ಲಿ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡಿಗೆ ಇಳಿಯುವ ಹಿಂಡುಗಳು ಈಗಲೂ ನಮ್ಮ ಹೊಲಗಳನ್ನು ಮರೆತಿಲ್ಲ. ಆನೆಗೆ ಮಣ್ಣುಂಡೆ ಲೆಕ್ಕಕ್ಕಿಲ್ಲ ಬಿಡಿ. ಹಕ್ಕಿಯ ಮೇಲೆ ನಾನು ಬಿಲ್ಲೆತ್ತುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಇಲ್ಲದಿದ್ದರೂ ಎತ್ತುತ್ತಿರಲಿಲ್ಲ.

ಭಾನುವಾರ ಅಕ್ಕನ ಮಗ ಬರುತ್ತಾನೆ. ಹುಣಸೆಮರದ ಬುಡದಲ್ಲಿ ಡಬ್ಬ, ಇಪ್ಪತ್ತು ಹೆಜ್ಜೆ ದೂರದಲ್ಲಿ ನಾವು. ಬಿಲ್ಲೆಂದರೆ ಸೀಬೆ ಕವೆ, ಸೈಕಲ್ ಟ್ಯೂಬು, ಹಳೇ ಚಪ್ಪಲಿಯ ತೊಗಲು. ಅವನು ಗಲ್ಲದವರೆಗೆ ಎಳೆದು ಬಿಡುತ್ತಾನೆ. ಠಣ್ ಎನ್ನುತ್ತದೆ. "ಮಾವ, ನಿಮ್ಮ ಉಂಡೇಲಿ ಏನೋ ಇದೆ" ಎಂದು ನಗುತ್ತಾನೆ. ಅವನು ಹತ್ತಕ್ಕೆ ಏಳು ಹೊಡೆಯುತ್ತಾನೆ, ನಾನು ನಾಲ್ಕು. ಉಂಡೆ ಮಾಡುವ ಕೆಲಸ ಮಾತ್ರ ಅವನಿಗೆ ಬಿಟ್ಟುಕೊಟ್ಟಿಲ್ಲ.

ನೀವೂ ಬಿಲ್ಲು ಹಿಡಿಯುವುದಾದರೆ ಒಂದು ಮಾತು: ಪ್ರತಿ ಸಲವೂ ಟ್ಯೂಬನ್ನು ಎಳೆದು, ಬಿರುಕು ಬಿಟ್ಟಿದೆಯೇ ನೋಡಿಕೊಳ್ಳಿ. ಹರಿದರೆ ಅದು ಹಾರುವುದು ನಿಮ್ಮ ಕಣ್ಣಿಗೇ.