ಪಹಣಿಯ ಹನ್ನೆರಡನೇ ಕಾಲಂ

ಕೆ.ಆರ್. ಪುರದಲ್ಲಿ ಮೆಟ್ರೊ ಬಾಗಿಲು ತೆರೆದಾಗ ಒಳಗೆ ನುಗ್ಗುವ ಗುಂಪಿನಲ್ಲಿ ಅವರೂ ಇದ್ದಾರೆ. ಅರವತ್ತು ದಾಟಿದ ವಯಸ್ಸು, ಹೆಗಲ ಮೇಲೆ ಟವೆಲ್ಲು, ಎದೆಗೆ ಅವುಚಿಕೊಂಡ ಪ್ಲಾಸ್ಟಿಕ್ ಕವರ್. ಒಬ್ಬ ಹುಡುಗ ಎದ್ದು ಸೀಟು ಬಿಡುತ್ತಾನೆ. ಕೂತವರೇ ಕವರಿನಿಂದ ಪಹಣಿ ತೆಗೆದು ನನ್ನ ಮುಂದೆ ಹಿಡಿಯುತ್ತಾರೆ. "ಕನ್ನಡಕ ಮರೆತು ಬಂದೆ. ಒಂಬತ್ತರಲ್ಲಿ ಯಾರ ಹೆಸರೈತೆ ನೋಡಿ ಸ್ವಲ್ಪ."

ಒಂಬತ್ತನೇ ಕಾಲಂನಲ್ಲಿ ತೀರಿಹೋದ ಯಜಮಾನರ ಹೆಸರೇ ಇದೆ. ಪೌತಿ ಖಾತೆ ಇನ್ನೂ ಆಗಿಲ್ಲ. ಒಂದೂವರೆ ಎಕರೆ ಖುಷ್ಕಿ. ಯಜಮಾನರ ಒಬ್ಬನೇ ಮಗ ನ್ಯೂಜೆರ್ಸಿಯಲ್ಲಿ, ಈಗ ಅಮೆರಿಕದ ಪ್ರಜೆ. ಅವನ ಪರವಾಗಿ ವಂಶವೃಕ್ಷ, ಮರಣಪತ್ರ ಹಿಡಿದು ಓಡಾಡುತ್ತಿರುವವರು ಇವರು. ವರ್ಷಗಟ್ಟಲೆಯಿಂದ ಆ ಹೊಲವನ್ನು ವಾರಕ್ಕೆ, ಅಂದರೆ ಫಸಲಿನಲ್ಲಿ ಪಾಲು ಕೊಟ್ಟು, ಮಾಡುತ್ತಿರುವವರೂ ಇವರೇ.

ಕುಡುಗೋಲು ತಾಗಿ ಸೀಳಿದ ಹೆಬ್ಬೆರಳು ಹನ್ನೆರಡನೇ ಕಾಲಂಗೆ ಸರಿಯುತ್ತದೆ. ಬೆಳೆ: ರಾಗಿ. ಸಾಗುವಳಿ: ಸ್ವಂತ. ಅಂದರೆ ಯಜಮಾನರದೇ. ಇವರ ಹೆಸರು ಎಲ್ಲೂ ಇಲ್ಲ, ಇರುವ ಹಾಗೂ ಇಲ್ಲ. 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನೇ ತೆಗೆದುಹಾಕಿತು. ಅಂದು ಗೇಣಿದಾರನನ್ನು ಹೊಲದೊಡೆಯನನ್ನಾಗಿ ಮಾಡಿದ ಅದೇ ಕಾನೂನಿನಿಂದಾಗಿ ಇಂದು ವಾರಕ್ಕೆ ಉಳುವವರ ಕೈಗೆ ಒಂದು ಚೀಟಿಯೂ ಸಿಗುವುದಿಲ್ಲ.

ಹೂಡಿ ದಾಟುತ್ತದೆ, ಕುಂದಲಹಳ್ಳಿ ಬರುತ್ತದೆ. ಕಿಟಕಿಯಾಚೆ ಗಾಜಿನ ಕಟ್ಟಡಗಳು, ನಡುವೆ ತಗಡು ಬೇಲಿಯ ಖಾಲಿ ಜಾಗ. ವಿದೇಶಿಯರು ಇಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ, ವಿದೇಶಿ ವಿನಿಮಯದ ಕಾನೂನು ಫೆಮಾ ಬಿಡುವುದಿಲ್ಲ. ಸಾಗರೋತ್ತರ ಭಾರತೀಯರ ಓಸಿಐ ಕಾರ್ಡಿದ್ದರೂ ಅಷ್ಟೇ, ದಾನವಾಗಿ ಪಡೆಯಲೂ ಆಗದು. ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯ ಪ್ರಜೆಗೆ ಮಾರಬೇಕು. ಮೊದಲಾದರೆ ಕೊಳ್ಳುವವನು ಕೃಷಿಕನೂ ಆಗಿರಬೇಕಿತ್ತು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು. ಈಗ ದುಡ್ಡಿದ್ದ ಯಾರಾದರೂ ಸರಿ. ಕನ್ವರ್ಷನ್ ಆಗಿ ಸೈಟುಗಳಾದ ಮೇಲೆ ಅದೇ ಮಣ್ಣನ್ನು ಓಸಿಐ ಕಾರ್ಡಿರುವ ನ್ಯೂಜೆರ್ಸಿಯವರೂ ಕೊಳ್ಳಬಹುದು! ಹೊರಗಿನವರಿಂದ ಹೊಲ ಕಾಯುವ ಕಾನೂನು ಉಳುವವರನ್ನು ಕಾಯದೆ ಹೋಯಿತಲ್ಲ ಎಂಬುದೇ ನನ್ನ ಸಂಕಟ.

ರೈಲು ವೈಟ್‌ಫೀಲ್ಡ್ ಕಡೆಗೆ ತಿರುಗಿದೆ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಇಲ್ಲಿ 3,900 ಎಕರೆಯನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟರು. ಸಂಘದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಆ ಜನ ಬೇಸಾಯ ಮಾಡಿ ಬದುಕಲಿ ಎಂದೇ ಕೊಟ್ಟದ್ದು. ಅವರು ಹೊರಗಿನವರೋ ಒಳಗಿನವರೋ ಎಂಬುದಕ್ಕಿಂತ ಆ ಷರತ್ತು ನನಗೆ ದೊಡ್ಡದಾಗಿ ಕಾಣುತ್ತದೆ.

"ಖಾತೆ ಆದ ಮೇಲೆ ಮಾರ್ತಾರಾ?" ಕೇಳುತ್ತೇನೆ.

"ಬ್ರೋಕರ್‌ಗಳು ಆಗಲೇ ಅಮೆರಿಕಕ್ಕೆ ಫೋನ್ ಮಾಡವ್ರೆ." ಪಹಣಿಯನ್ನು ಮಡಿಸದೆ, ಹುಷಾರಾಗಿ ಕವರಿಗೆ ಸೇರಿಸುತ್ತಾರೆ. "ಹುಡುಗ ಒಳ್ಳೇವ್ನೇ. ಭಾನುವಾರ ಮಾತಾಡ್ತಾನೆ. ಹತ್ತು ಗುಂಟೆ ನಂಗೆ ಬಿಡು ಅಂತ ಕೇಳ್ತೀನಿ. ಪುಕ್ಕಟೆ ಬೇಡ. ಕಂತಲ್ಲಿ ಕೊಡ್ತೀನಿ, ಕ್ರಯಪತ್ರ ಮಾಡ್ಕೊಡ್ಲಿ."