ಬೆರಳ ತುದಿಯ ಆಸರೆ

ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿಕೊಂಡವರ ಕೈ ತಾನಾಗಿಯೇ ಗೋಡೆ ಹುಡುಕುತ್ತದೆ. ಬೀಳುವಂಥದ್ದೇನೂ ಆಗಿರುವುದಿಲ್ಲ, ನೆಲ ಕೊಂಚ ವಾಲಿದಂತೆ ಅನಿಸಿರುತ್ತದೆ, ಅಷ್ಟೆ. ಗೋಡೆಗೆ ಬೆರಳು ತಾಗಿದ್ದೇ ತಡ, ಮೈ ನೆಟ್ಟಗಾಗುತ್ತದೆ.

ನಿಂತ ಮೈಗೆ ಸುದ್ದಿ ಮುಟ್ಟುವುದು ಮೂರು ದಾರಿಯಲ್ಲಿ. ಒಂದು ಕಣ್ಣು. ಇನ್ನೊಂದು ಒಳಕಿವಿ, ಅಲ್ಲಿನ ಮೂರು ಅರೆವೃತ್ತದ ನಾಳಗಳೊಳಗಿನ ದ್ರವ ತಲೆ ತಿರುಗಿದ್ದನ್ನು ಹೇಳುತ್ತದೆ. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳು. ಬರ್ಲಿನ್ನಿನ ವೈದ್ಯ ರೋಂಬರ್ಗ್ 19ನೇ ಶತಮಾನದಲ್ಲೇ ಇದರ ಜಾಡು ಹಿಡಿದಿದ್ದ. ಬೆನ್ನುಹುರಿಯ ರೋಗದಿಂದ ಕಾಲಿನ ಅರಿವು ಕಳೆದುಕೊಂಡವರು ಕಣ್ಣು ತೆರೆದಿದ್ದಾಗ ನಿಲ್ಲುತ್ತಿದ್ದರು, ಮುಚ್ಚಿದೊಡನೆ ತೂರಾಡುತ್ತಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣದವರ ಕಥೆ ಇದಕ್ಕೆ ತಿರುವುಮುರುವು: ಕಣ್ಣಿನ ಸುದ್ದಿ ಇಲ್ಲ, ಕಾಲಿನದು ಇದೆ.

ಅಮೆರಿಕದ ಜಾನ್ ಜೆಕಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದು ಇಲ್ಲಿ ತುಂಬ ಮುಖ್ಯ. ಹುಟ್ಟು ಅಂಧರು ಐವರು, ಕಣ್ಣು ಮುಚ್ಚಿದ ದೃಷ್ಟಿವಂತರು ಐವರು. ಎಲ್ಲರೂ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಿಂತರು. ಕೈಯಲ್ಲೊಂದು ಕೋಲು. ಅದನ್ನು ನೆಲಕ್ಕೆ ಊರಿ ಭಾರ ಹಾಕಿದರೂ, 2 ನ್ಯೂಟನ್‌ಗಿಂತ ಕಡಿಮೆ ಬಲದಲ್ಲಿ ಸುಮ್ಮನೆ ತಾಗಿಸಿದರೂ ಮೈಯ ಓಲಾಟ ಅಷ್ಟೇ ತಗ್ಗಿತು. 2 ನ್ಯೂಟನ್ ಎಂದರೆ ಸುಮಾರು 200 ಗ್ರಾಂ ತೂಕ. ಆಳನ್ನು ಹೊರುವ ಬಲವಲ್ಲ. ಕೋಲು ನೆಟ್ಟಗಿದ್ದುದಕ್ಕಿಂತ ಓರೆಯಾಗಿದ್ದಾಗ ಇನ್ನೂ ಹೆಚ್ಚು ನೆರವಾಯಿತು. ಅಂಧರು ರಸ್ತೆಯಲ್ಲಿ ಬಿಳಿ ಕೋಲನ್ನು ಹಿಡಿಯುವುದೂ ಓರೆಯಾಗಿಯೇ.

ಹಾಗಾದರೆ ಕೋಲು ಊರುಗೋಲಲ್ಲ. ಅದು ಉದ್ದವಾದ ಬೆರಳು.

ಕಣ್ಣಿಲ್ಲದವರಿಗೆ ಉಳಿದ ಇಂದ್ರಿಯಗಳು ತಾವಾಗಿಯೇ ಚುರುಕಾಗುತ್ತವೆಂಬ ಮಾತು ಪೂರ್ತಿ ನಿಜವಲ್ಲ. ಅಂಧ ಮಕ್ಕಳು ಎಷ್ಟೋ ಸಲ ತಡವಾಗಿ ನಡೆಯುತ್ತಾರೆ. ಕಾಲಲ್ಲಿ ಬಲವಿಲ್ಲವೆಂದಲ್ಲ, ಎದುರಿಗಿನ ಆಟಿಕೆ ಕಂಡು ಅದರತ್ತ ಹೊರಡುವ ಸೆಳೆತವೇ ಅವರಿಗಿಲ್ಲ. ಅದರ ಮೇಲೆ, ಬಿದ್ದೀತೆಂಬ ಅಂಜಿಕೆಯಲ್ಲಿ ಮನೆಯವರು ಮಗುವನ್ನು ಕಂಕುಳಿಂದ ಇಳಿಸುವುದೇ ಇಲ್ಲ. ನಿಲುವು ಕಲಿಯಬೇಕಾದ್ದು, ಬಿದ್ದು ಎದ್ದು ಕಲಿಯಬೇಕಾದ್ದು.

ಕಲಿತವರನ್ನು ನೋಡಬೇಕೆಂದರೆ ಅಂಧರ ಕ್ರಿಕೆಟ್ಟಿಗೆ ಹೋಗಬೇಕು. ಗಲಗಲ ಸದ್ದು ಮಾಡುತ್ತ ಚೆಂಡು ನೆಲ ಹಿಡಿದು ಬರುತ್ತದೆ, ಬ್ಯಾಟುಗಾರ ಒಂದು ಮೊಣಕಾಲೂರಿ ಬಾಗಿ ಸ್ವೀಪ್ ಮಾಡುತ್ತಾನೆ. ಆ ಒಂದು ಗಳಿಗೆಯಲ್ಲಿ ಕಿವಿ, ಸೊಂಟ, ಮಂಡಿ ಒಂದೇ ಲೆಕ್ಕಕ್ಕೆ ಬರಬೇಕು. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಅಂಧರ ಟಿ20 ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕನಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಮೈದಾನದಾಚೆಗೂ ಇಂಥವರಿದ್ದಾರೆ: 2001ರ ಮೇ 25ರಂದು ಎವರೆಸ್ಟ್ ಏರಿದ ಎರಿಕ್ ವೈಹೆನ್‌ಮೇಯರ್ ಪೂರ್ತಿ ಅಂಧರು. ಹಿಮದ ಬಿರುಕುಗಳ ಮೇಲೆ ಮಲಗಿಸಿದ ಏಣಿಯನ್ನು ಅವರು ಒಂದೊಂದೇ ಮೆಟ್ಟಿಲು ಕಾಲಲ್ಲಿ ತಡವಿ ದಾಟಿದರು.

ಇಷ್ಟಾದರೂ ನಗರದ ಸಿಗ್ನಲ್ಲಿನಲ್ಲಿ ದಿನವೂ ನಡೆಯುವುದು ಬೇರೆ. ಒಳ್ಳೆಯ ಮನಸ್ಸಿನವರೇ ಒಬ್ಬರು ಓಡಿ ಬಂದು ಅಂಧರ ರಟ್ಟೆ ಹಿಡಿದು ಎಳೆಯುತ್ತಾರೆ. ಕೋಲು ನೆಲ ಬಿಡುತ್ತದೆ, ಒಂದು ಹೆಗಲು ಮೇಲಾಗುತ್ತದೆ, ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ಮೈ ಆಗ ಮುಗ್ಗರಿಸುತ್ತದೆ. ಬಲ್ಲವರು ಎಳೆಯುವುದಿಲ್ಲ. ಮೊದಲು ಕೇಳಿ, ಆಮೇಲೆ ತಮ್ಮ ಮೊಣಕೈಯನ್ನು ಅವರ ಕೈಗೆ ಕೊಟ್ಟು, ಅರ್ಧ ಹೆಜ್ಜೆ ಮುಂದೆ ನಡೆಯುತ್ತಾರೆ. ಫುಟ್‌ಪಾತಿನ ಅಂಚು ಬಂದಾಗ ಆ ಮೊಣಕೈ ಒಂದಿಷ್ಟು ಇಳಿಯುತ್ತದೆ. ಹಿಂದೆ ಬರುವವರ ಪಾದ ಅಷ್ಟರಲ್ಲಿ ಇಳಿಯಲು ಸಿದ್ಧವಾಗಿರುತ್ತದೆ.